ಶ್ರುತಿ ಸೇರಿಸುವ ಹೊತ್ತು

ನಾನು ಮೊಟ್ಟಮೊದಲು ಸಂಗೀತ ಕೇಳಿದ್ದು ಮೈಸೂರಿನಲ್ಲಿ ಎಂದು ಸ್ನೇಹಿತರ ನಡುವೆ ಬಹುಕಾಲ ಹೇಳಿಕೊಂಡು ಬಂದೆ. ಅದು ನಿಜವಲ್ಲವೆಂದು ತಿಳಿಯಲು ನನಗೆ ಇಪ್ಪತ್ತು ವರ್ಷಗಳಿಗೂ ಮೇಲೆ ಹಿಡಿಯಿತು.

ನಮ್ಮೂರು ಬೇಗೂರು. ಮೈಸೂರಿನಿಂದ ಊಟಿಗೆ ಹೋಗುವವರು ನಂಜನಗೂಡು ದಾಟಿ, ಗುಂಡ್ಲುಪೇಟೆ ಮುಟ್ಟುವ ಮೊದಲು ನಮ್ಮೂರನ್ನು ಹಾದೇ ಹೋಗಬೇಕು. ಆದರೆ ಅಲ್ಲಿ ಇಳಿಯಬೇಕೆಂದು ಅವರಾರಿಗೂ ಅನ್ನಿಸುವುದಿಲ್ಲ. ಅಂಥ ಊರಿನಿಂದ ಓದಲೆಂದು ಮೈಸೂರಿಗೆ ಬಂದ ವರ್ಷ, ಗಣೇಶನ ಹಬ್ಬದ ದಿನಗಳಲ್ಲಿ, ಸಹಪಾಠಿಯೊಬ್ಬ ನನ್ನನ್ನು ವಾಣಿವಿಲಾಸ ಮೊಹಲ್ಲದ ಎಂಟನೆಯ ಕ್ರಾಸಿಗೆ ಎಳೆದುಕೊಂಡು ಹೋದ. ಗಣೇಶೋತ್ಸವದ ಕಚೇರಿಗಳಿಗೆ ಹೆಸರಾದ ಜಾಗ ಅದು. ಟಿಕೆಟ್ಟಿನ ಕಾಟವಿಲ್ಲ, ಜಾಗ ಸಿಕ್ಕಿದವರು ಕುಳಿತಿದ್ದರು, ಸಿಕ್ಕದವರು ನಿಂತಿದ್ದರು.

ವೇದಿಕೆಯ ಮೇಲೆ ತಂಬೂರಿ ಮಿಡಿಯಿತು. ಪಿಟೀಲಿನವರು ಕಮಾನು ಎಳೆದು, ಬಿರಡೆ ತಿರುಗಿಸಿ, ಮತ್ತೆ ಎಳೆದರು. ಮೃದಂಗದವರು ಸಣ್ಣ ಕಲ್ಲೊಂದರಿಂದ ಟಕಟಕನೆ ಕುಟ್ಟಿ, ಕಿವಿಗೊಟ್ಟು ಆಲಿಸಿ, ಮತ್ತೆ ಕುಟ್ಟಿದರು. ಐದಾರು ನಿಮಿಷ ಹೀಗೆ ನಡೆದು ಎಲ್ಲವೂ ನಿಂತಾಗ, ಮೊದಲನೆಯ ಹಾಡು ಮುಗಿಯಿತೆಂದುಕೊಂಡು ನಾನು ಚಪ್ಪಾಳೆ ತಟ್ಟಿದೆ. ನಾನೊಬ್ಬನೇ ತಟ್ಟಿದೆ.

ಪಕ್ಕದಲ್ಲಿದ್ದ ವೃದ್ಧರೊಬ್ಬರು ನಗಲಿಲ್ಲ. "ಇನ್ನೂ ಶುರುವಾಗಿಲ್ಲ ಮಗೂ, ಶ್ರುತಿ ಸೇರಿಸುತ್ತಿದ್ದಾರೆ. ಇರಲಿ, ಅದಕ್ಕೂ ಒಬ್ಬರು ತಟ್ಟಿದ ಹಾಗಾಯಿತು" ಎಂದರು.

ಆ ಒಂದು ಮಾತಿನ ಋಣದಿಂದ ನಾನು ರಸಿಕನಾದೆ. ದಸರೆಯಲ್ಲಿ ಅರಮನೆಯ ಮುಂದೆ ಚಳಿಯಲ್ಲಿ ಕುಳಿತೆ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ಕಂಬಕ್ಕೊರಗಿ ಕಣ್ಣು ಮುಚ್ಚುವುದನ್ನೂ ಕಲಿತೆ. ಕೃಷ್ಣಪ್ಪನವರ ಶಿಷ್ಯರಾದ ಪಿಟೀಲು ಚೌಡಯ್ಯನವರ (1895–1967) ಮೇಲೆ ನನಗೆ ವಿಶೇಷ ಅಭಿಮಾನ. ತಿರುಮಕೂಡಲಿನವರು, ನಮ್ಮ ಸೀಮೆಯವರೇ ಎನ್ನಬಹುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿ ಕೂಡಿಸಿದ ಪುಣ್ಯಾತ್ಮರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಅವರಿಗೆ ಬಂತು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ನಾಡು ತನ್ನ ಕಲಾವಿದನನ್ನು ಗೌರವಿಸುವುದೆಂದರೆ ಇದು, ಎಂದು ವಿದ್ಯಾರ್ಥಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಅಷ್ಟು ಹೊತ್ತಿಗೆ ನಾನು ಕೊನೆಯ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಬಂದಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕಚೇರಿಗೆ ಹೊರಟು ಶಲ್ಯ ಹೊದೆಯುತ್ತಿದ್ದಾಗ ಬಾಗಿಲಲ್ಲಿ ತಂಬೂರಿಯ ದನಿ ಕೇಳಿಸಿತು. ನೀಲಗಾರರ ಮುದುಕ. ಮಂಟೇಸ್ವಾಮಿಯ ಕಥೆ ಹಾಡುತ್ತ ನಮ್ಮೂರ ಬೀದಿಯಲ್ಲಿ ಕೋರಣ್ಯಕ್ಕೆ ಬರುತ್ತಿದ್ದವನು. "ನಿಮ್ಮವ್ವ ಮನೆ ಗುರುತು ಹೇಳಿದ್ರು ಮೇಷ್ಟ್ರೇ" ಎಂದ. ನಾನು ಐವತ್ತು ರೂಪಾಯಿ ಕೊಟ್ಟೆ. ಅವನು ಅದನ್ನು ಜೋಳಿಗೆಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, "ವಸಿ ಕುಂತ್ಕಂಡು ಕೇಳೀರಾ?" ಎಂದ. ಗಡಿಯಾರ ನೋಡಿಕೊಂಡೆ. "ಇನ್ನೊಂದು ದಿನ ಬಾರಪ್ಪ, ಸಂಗೀತಕ್ಕೆ ಹೊತ್ತಾಯಿತು" ಎಂದೆ.

ಅಂದಿನ ಕಚೇರಿ ಚೆನ್ನಾಗಿಯೇ ಇತ್ತು. ಮೃದಂಗದವರ ತನಿ ಆವರ್ತನ ಶುರುವಾದೊಡನೆ, ವಾಡಿಕೆಯಂತೆ, ಅಲ್ಲೊಬ್ಬರು ಇಲ್ಲೊಬ್ಬರು ಕಾಫಿಗೆಂದು ಎದ್ದರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಲಾವಿದ ತನ್ನ ಜೀವವನ್ನೆಲ್ಲ ಬೆರಳಿಗೆ ತಂದುಕೊಂಡಿರುವ ಹೊತ್ತಿನಲ್ಲಿ ಎದ್ದುಹೋಗುವ ಅವಿವೇಕಿಗಳು, ಎಂದು ಎಂದಿನಂತೆ ಬಯ್ದುಕೊಳ್ಳಹೊರಟೆ. ಬೈಗುಳ ಗಂಟಲಲ್ಲೇ ನಿಂತಿತು. ಅವರಾದರೂ ಅರ್ಧ ಕಚೇರಿ ಕೇಳಿ ಎದ್ದಿದ್ದರು. ನಾನು ಕುಳಿತಿರಲೇ ಇಲ್ಲ.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಹಲಗೂರಿನ ಪಾಂಚಾಳರಲ್ಲಿಗೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಆ ಕಾವ್ಯದ ಮುಖ್ಯ ಘಟ್ಟ. ಬಾಗಿಲಿಗೆ ಬಂದವನ ಯೋಗ್ಯತೆಯನ್ನು ಅರಿಯದವರ ಕಥೆ ಅದು. ವರ್ಷ ವರ್ಷವೂ ಅದನ್ನು ಪಾಠ ಮಾಡಿ, ಹತ್ತು ಅಂಕದ ಪ್ರಶ್ನೆ ಕೇಳಿ, 'ಭಿಕ್ಷೆ ಇಲ್ಲಿ ಭಿಕ್ಷೆಯಲ್ಲ, ಪರೀಕ್ಷೆ' ಎಂದು ಟಿಪ್ಪಣಿ ಬರೆಸುತ್ತಿದ್ದವನು ನಾನು. ಆ ಕಾವ್ಯವೇ ತಂಬೂರಿ ಹಿಡಿದು ಮನೆಗೆ ಬಂದಾಗ ಐವತ್ತು ರೂಪಾಯಿಯಲ್ಲಿ ಅದನ್ನು ಸಾಗಹಾಕಿದ್ದೆ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬೇಗೂರಿಗೆ ಹೋದೆ. ಅವ್ವನ ಕೈಲಿ ಹೇಳಿಕಳಿಸಿದ್ದರಿಂದ ಸಂಜೆಗೆ ಮುದುಕ ಬಂದ. ಬರುತ್ತಲೇ, ನಾನು ಮಾತು ಹುಡುಕುವ ಮೊದಲೇ, "ಹೊತ್ತು ಐತಾ ಮೇಷ್ಟ್ರೇ?" ಎಂದು ಕೇಳಿದ. ಅದರಲ್ಲಿ ಕೊಂಕಿರಲಿಲ್ಲ; ಅದಕ್ಕೇ ಹೆಚ್ಚು ನೊಂದೆ.

ಜಗಲಿಯ ಮೇಲೆ ಕಂಬಳಿ ಹಾಸಿದೆವು. ಜೊತೆಗೆ ಬಂದವನೊಬ್ಬ ಡಕ್ಕೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿದ. ಮುದುಕ ತಂಬೂರಿಯ ಬಿರಡೆ ತಿರುಗಿಸಿ, ತಂತಿ ಮೀಟಿ, ತಲೆ ವಾಲಿಸಿ ಆಲಿಸಿ, ಮತ್ತೆ ತಿರುಗಿಸಿದ. ಆಗ ನನಗೆ ನೆನಪಾಯಿತು: ಇದೇ ಜಗಲಿಯಲ್ಲಿ ಅವ್ವನ ತೊಡೆಯ ಮೇಲೆ ಮಲಗಿ ನಾನು ಕೇಳುತ್ತಿದ್ದ ದನಿ ಇದು. ಕಥೆ ಶುರುವಾಗುವ ಮೊದಲೇ ನಿದ್ದೆ ಹೋಗುತ್ತಿದ್ದೆ; ಕೋಳಿ ಕೂಗುವಾಗ ಎದ್ದರೂ ಕಥೆ ಮುಗಿದಿರುತ್ತಿರಲಿಲ್ಲ. ನಾನು ಸಂಗೀತವನ್ನು ಮೊದಲು ಕೇಳಿದ್ದು ಇಲ್ಲಿ. ಅದನ್ನು ಸಂಗೀತವೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದನಿ ಒಂದಕ್ಕೊಂದು ಸೇರಿ ನಿಂತಾಗ ಮಗಳು ಚಪ್ಪಾಳೆ ತಟ್ಟಿದಳು. ಅವಳೊಬ್ಬಳೇ. 'ಇನ್ನೂ ಶುರುವಾಗಿಲ್ಲ' ಎನ್ನಲು ಬಾಯಿ ತೆರೆದವನು, ಹೇಳದೆ, ನಾನೂ ತಟ್ಟಿದೆ. ಮುದುಕ ಕತ್ತೆತ್ತಿ ನೋಡಿ ನಕ್ಕ.

ಒಂದು ಗಂಟೆ ಹಾಡುವಷ್ಟರಲ್ಲಿ ಕೆಮ್ಮು ಬಂತು. "ರಾತ್ರಿಯೆಲ್ಲ ಹಾಡೋವಷ್ಟು ಕಥೆ ಐತೆ ಮೇಷ್ಟ್ರೇ. ಕೇಳೋರಿಲ್ದೆ ಗಂಟ್ಲು ಮರ್ತ್ಬುಟ್ಟದೆ" ಎಂದ. ಮಗ ನಂಜನಗೂಡಿನ ಕಾರ್ಖಾನೆಗೆ ಹೋಗುತ್ತಾನಂತೆ, ತಂಬೂರಿ ಮುಟ್ಟುವುದಿಲ್ಲವಂತೆ. ಅದಕ್ಕೆ ನಾನು ಏನು ಹೇಳಲಿ? ಊರು ಬಿಟ್ಟು ಹೋದವರಲ್ಲಿ ನಾನೇ ಮೊದಲಿಗ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ. ಅದು ಮುಗಿಸಿಕೊಂಡು ಬಂದು ಮತ್ತೆ ಹಾಡುತ್ತೇನೆಂದು ಹೇಳಿಹೋದ. ಆ ರಾತ್ರಿ ಹಾಡು ಎಲ್ಲಿಗೆ ನಿಲ್ಲುತ್ತದೋ ತಿಳಿಯದು. ಅಲ್ಲಿಯವರೆಗೆ ನಾನಂತೂ ಏಳುವುದಿಲ್ಲ.