ಹೊಳಿಸಾಲವ್ವನ ಬದು

ನವಲಗುಂದ ಸೀಮೆಯಲ್ಲಿ ಐವತ್ತು ವರ್ಷ ಬಾಳಿದರೂ ನಮ್ಮಜ್ಜಿಗೆ ಊರವರ ಬಾಯಲ್ಲಿ ಸ್ವಂತ ಹೆಸರು ದಕ್ಕಲಿಲ್ಲ. ಸವದತ್ತಿ ಕಡೆಯ ಮಲಪ್ರಭೆಯ ದಂಡೆಯಿಂದ ಬಂದವಳೆಂದು ಮೊದಲ ದಿನವೇ ‘ಹೊಳಿಸಾಲಾಕಿ’ ಅಂದರು. ಮಕ್ಕಳಾದ ಮೇಲೆ ‘ಹೊಳಿಸಾಲವ್ವ’ ಆದಳು. ಸ್ವರಾಜ್ಯ ಬಂದ ವರ್ಷದ ಮದುವೆ. ಚಕ್ಕಡಿಯಲ್ಲಿ ಎರಡು ದಿನದ ದಾರಿ, ಅಷ್ಟೇ. ಅವಳ ಪಾಲಿಗೆ ಮಾತ್ರ ಅದು ಪರದೇಶ. ಅಲ್ಲಿ ಬಾಗಿಲು ತೆರೆದರೆ ಹೊಳೆ. ಇಲ್ಲಿ ಕಣ್ಣು ಹಾಯುವವರೆಗೂ ಗಿಡವಿಲ್ಲದ ಎರಿ ಬಯಲು. ಬಾವಿ ತೋಡಿದರೆ ಸವಳು ನೀರು, ಕುಡಿಯಲು ಕೆರೆಯೇ ಗತಿ. ಮೊದಲ ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಬಾರುಕೋಲು ಇಳಿಬಿಟ್ಟು ನೋಡಿದಳಂತೆ. ಅರ್ಧಕ್ಕರ್ಧ ಒಳಗೆ ಹೋಯಿತಂತೆ. “ಕಾಲುಂಗ್ರ ಬಿದ್ದಿದ್ರ ಪಾತಾಳದಾಗ ಹುಡುಕಬೇಕಾಗ್ತಿತ್ತು ನೋಡಪಾ” ಅನ್ನುತ್ತಿದ್ದಳು.

ಎಂಟೆಕರೆ ಹೊಲ ನಮ್ಮದು. ಜಯಧರ ಹತ್ತಿ, ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿ. ಎಳ್ಳಮಾಸಿಗೆ ಚರಗ ಚೆಲ್ಲುವಾಗ ಎಲ್ಲರೂ ಹೊಲದ ಸುತ್ತ ತಿರುಗಿದರೆ, ಅಜ್ಜಿ ಒಂದು ತುತ್ತು ಮಾದಲಿಯನ್ನು ಬೇರೆ ತೆಗೆದಿಟ್ಟುಕೊಂಡು ಪಡುವಣಕ್ಕೆ, ಹೊಳೆಯ ದಿಕ್ಕಿಗೆ, ಬೀಸಿ ಎಸೆಯುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ನಾವು ಹುಡುಗರು ಬುತ್ತಿಯ ಎಣ್ಣಿಗಾಯಿಯ ಮೇಲೆ ಕಣ್ಣಿಟ್ಟವರು.

1972ರ ಹೊತ್ತಿಗೆ ನವಿಲುತೀರ್ಥದ ಗುಡ್ಡಗಳ ನಡುವೆ ಅಣೆಕಟ್ಟು ಎದ್ದಿತು. ರೇಣುಕಾಸಾಗರದ ಹಿನ್ನೀರು ಅವಳ ತವರಿನ ಹೊಲವನ್ನು ನುಂಗಿತು. ಅಣ್ಣಂದಿರು ಪರಿಹಾರ ತಗೊಂಡು ದಿಕ್ಕಿಗೊಬ್ಬರಾದರು. ಕೆಲವು ವರ್ಷಕ್ಕೆ ಅದೇ ನೀರು ಕಾಲುವೆ ಹಿಡಿದು ನಮ್ಮ ಹೊಲದ ಬಾಯಿಗೆ ಬಂತು. ಊರೆಲ್ಲ ಕಾಯಿ ಒಡೆದು ಸಂಭ್ರಮಿಸುವಾಗ ಅಜ್ಜಿ ಬೊಗಸೆಯಲ್ಲಿ ಮೊಗೆದು ಕುಡಿದು, “ನಮ್ಮಪ್ಪನ ಹೊಲದ ಮ್ಯಾಲಿಂದ ಹಾದು ಬಂದದ್ದಿದು” ಅಂದಳು. ಅಷ್ಟು ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅವಳ ಒಂದು ಚಾಳಿಯನ್ನು ಹೇಳದಿದ್ದರೆ ಸುಳ್ಳಾಡಿದಂತೆ. ತವರಿನ ಹೊಲ ಮುಳುಗಿದ ಮೇಲೆ, ಪ್ರತಿ ವರ್ಷ ಹರಗುವಾಗ ಬಡಗಣ ಬದುವಿನ ಮೇಲೆ ಬಂದು ಕುಂಡ್ರುವಳು. ಕುಂಟಿ ಹೊಡೆಯುವವನಿಗೆ “ಏ ತಮ್ಮಾ, ಇನ್ನೊಂದೀಟು ಆ ಕಡಿ ಒತ್ತಿ ಹೊಡಿಯೋ” ಅನ್ನುವಳು. ಬೆರಳಗಲ, ಎರಡು ಬೆರಳಗಲ. ಪಕ್ಕದ ಹೊಲದವರು ಹುಬ್ಬಳ್ಳಿಯಲ್ಲಿದ್ದು ಹೊಲವನ್ನು ಲಾವಣಿಗೆ ಹಾಕಿದವರು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು. ಬೈಯಲಿಲ್ಲ.

ನೀರಿನ ಹಿಂದೆ ವರಲಕ್ಷ್ಮಿ ಹತ್ತಿ ಬಂತು, ಹತ್ತಿಯ ಹಿಂದೆ ಗೊಬ್ಬರದ ಸಾಲ, ಅದರ ಮೇಲೆ ಅಭಿವೃದ್ಧಿ ಕರ. ನೀರೇ ಮುಟ್ಟದ ಹೊಲಗಳಿಗೂ ಕರ. 1980ರ ಜುಲೈ 21ರಂದು ನವಲಗುಂದದಲ್ಲಿ ಆ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದ ದಿನ ಅಜ್ಜ ಒಂಟಿ ಕೆರದಲ್ಲಿ ಮನೆಗೆ ಬಂದ. ಅಜ್ಜಿ ಅಗಳಿ ಹಾಕಿ, ಉಳಿದ ಕೆರವನ್ನೂ ಕಾಲಿನಿಂದ ಕಿತ್ತು ಹಿತ್ತಲಿಗೆ ಎಸೆದಳು.

ಎರಿಗೆ ನೀರು ಹೆಚ್ಚಾದರೆ ಬಸಿಯುವುದಿಲ್ಲ. ತಳದ ಉಪ್ಪು ಮೇಲೇರುತ್ತದೆ. ತಗ್ಗಿನ ಎರಡೆಕರೆ ಬೆಳ್ಳಗಾದಾಗ ಅಜ್ಜಿ ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, “ಸವಳು ಹತ್ತೇತಿ” ಅಂದಳು. ಅವಳು ಹೋದ ಮೇಲೆ ಹೊಲವೂ ಹೋಯಿತು. ಸಾಲ, ಮದುವೆ, ಪಾಲು, ಕೇಳಿದ ಕಥೆಯೇ.

ಹೋದ ವರ್ಷ ಎಳ್ಳಮಾಸಿಗೆ ಆ ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ ಇಳಿದೆ. ಈಗಿನ ಹೊಲದವರು ಚರಗ ಮುಗಿಸಿ ಬನ್ನಿ ಗಿಡದ ಕೆಳಗೆ ಉಣ್ಣುತ್ತಿದ್ದರು. ಸಣ್ಣ ವಯಸ್ಸಿನ ಯಜಮಾನ, “ಬರ್ರಿ ಅಣ್ಣಾರ, ಯಾರ ಪೈಕಿ ಆದ್ರಿ?” ಅಂದ. ಹೇಳಿದೆ.

“ಓ! ಹೊಳಿಸಾಲವ್ವನ ಹೊಲ ಅಂತನ ಕರೀತಾರ್ರಿ ಇದನ್ನ ಇನ್ನೂ” ಎಂದು ಕಡಲೆ ಗಿಡದ ಒಂದು ಹಿಡಿ ಕಿತ್ತು ಕೈಗಿಟ್ಟ. ಆಮೇಲೆ ಬಡಗಣಕ್ಕೆ ಕೈ ತೋರಿಸಿ ದನಿ ತಗ್ಗಿಸಿದ: “ಒಂದು ಮಾತ್ರಿ. ಮೋಜಣಿ ಮಾಡಿಸಿದ್ರ ಉತಾರದಾಗ ಇದ್ದದ್ದಕ್ಕಿಂತ ಎರಡು ಗುಂಟೆ ಹೆಚ್ಚಿಗಿ ಬಂತು. ಆ ಬದು ಯಾಕ ಹಂಗ ಸೊಟ್ಟ ಐತ್ರೀ?”

ನಾನು ಕಡಲೆ ಸುಲಿಯುತ್ತ ನಿಂತೆ.