ಅವ್ವನ ದವಡೆಯ ಸುಣ್ಣ

ಪರನಾಡಿನಲ್ಲಿ ಸಂಸಾರ ಹೂಡಿದವರಿಗೆ ದುಭಾಷಿಯ ಕೆಲಸ ತಪ್ಪಿದ್ದಲ್ಲ. ಊರಿನಿಂದ ಬಂದ ಹಿರಿಯರಿಗೆ ಕಾಯಿಪಲ್ಯದವನೊಡನೆ, ನೆರೆಯವರೊಡನೆ, ವೈದ್ಯರೊಡನೆ ನಾವೇ ಬಾಯಾಗಬೇಕು. ಈ ವಿದ್ಯೆಯಲ್ಲಿ ನಾನು ಗಟ್ಟಿಗನೆಂಬ ಹೆಮ್ಮೆ ನನಗಿತ್ತು. ಹೋದ ವರ್ಷ ಅದು ಇಳಿಯಿತು.

ಧಾರವಾಡದಿಂದ ಪುಣೆಗೆ ನಮ್ಮಲ್ಲಿ ಬಂದಿದ್ದ 76 ವರ್ಷದ ಅವ್ವ ಒಂದು ಮುಂಜಾನೆ ರೊಟ್ಟಿಯನ್ನು ತಾಟಿನಲ್ಲಿಯೇ ಬಿಟ್ಟಳು. “ತಮ್ಮಾ, ಕಿವೀ ಮುಂದ ಸೆಳೀತದ. ಬಾಯಿ ತೆಗೀಲಿಕ್ಕೆ ಬರವಲ್ದು” ಅಂದಳು. ವೈದ್ಯರಿಗೆ ನಾನು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಕಿವಿ ನೋವು. ಕಿವಿಗೆ ಹನಿಮದ್ದು ಬಂತು. ಗುಣವಾಗಲಿಲ್ಲವೆಂದು ಹಲ್ಲಿನ ವೈದ್ಯರ ಬಳಿಗೆ ಹೋದೆವು. ಹಲ್ಲು ಹೋಯಿತು, ನೋವು ಉಳಿಯಿತು. ಕಿವಿಯ ಮುಂದೆ ಅಡಿಕೆಯಷ್ಟು ಬಾವೂ ಎದ್ದಿತು.

ಸ್ಕ್ಯಾನ್ ಮಾಡಿಸಿದಾಗ ದವಡೆಯ ಕೀಲಿನ ಸುತ್ತ ಸುಣ್ಣಗಟ್ಟಿದ ಗಡ್ಡೆಯೊಂದು ಕಂಡಿತು. ಗಡ್ಡೆ ಎಂಬ ಮಾತು ಮನೆಯನ್ನು ಹೊಕ್ಕ ಮೇಲೆ ಬೇರೆ ಮಾತೆಲ್ಲಿ? ಅಂದಿನ ರಾತ್ರಿ ಅವ್ವ ತನ್ನ ಟ್ರಂಕಿನ ಕೀಲಿಯನ್ನು ನನ್ನ ಹೆಂಡತಿಯ ಕೈಗಿತ್ತಳು. ಯಾಕೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮುಖ-ದವಡೆಯ ಶಸ್ತ್ರವೈದ್ಯರು ನೋಡಿ, “ಬೇರೆ ಯಾವ ಕೀಲಾದರೂ ಹಿಂದೆ ಹೀಗೆ ಬಾತಿತ್ತೆ?” ಎಂದು ಕೇಳಿದರು. ಇಲ್ಲವೆಂದೆ. ಮರಾಠಿ ಅಷ್ಟಿಷ್ಟು ತಿಳಿಯುವ ಅವ್ವ ನನ್ನ ತೋಳು ಜಗ್ಗಿದಳು: “ಶ್ರಾವಣದಾಗ ಮಣಕಾಲ ಬಾತು ನಾಕ ದಿನ ಮಲಗಿದ್ದೆನಲ್ಲೋ! ನಿನಗ ಫೋನಿನ್ಯಾಗ ಹೇಳಿದ್ದೆ.” ಹೇಳಿದ್ದಳು. ನಾನು ಮರೆತಿದ್ದೆ.

ಅಲ್ಲಿಂದ ದಾರಿ ತಿಳಿಯಾಯಿತು. ಮೊಣಕಾಲಿನ ಎಕ್ಸ್‌ರೇಯಲ್ಲಿ ಮೃದ್ವಸ್ಥಿಯೊಳಗೆ ಸಣ್ಣ ಬಿಳಿ ಗೆರೆ ಕಂಡಿತು. ದವಡೆಯ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು, ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗೌಟು ರೋಗದ ಯೂರಿಕ್ ಆಮ್ಲದ ಹರಳು ಸೂಜಿಯಂತಿರುತ್ತದೆ. ಇವು ಗಿಡ್ಡ ಚಪ್ಪಡಿಯಂಥವು, ಕ್ಯಾಲ್ಸಿಯಂ ಪೈರೋಫಾಸ್ಫೇಟಿನವು. 1962ರಲ್ಲಿ ಅಮೆರಿಕದ ಡೇನಿಯಲ್ ಮೆಕಾರ್ಟಿ ಮತ್ತು ಸಂಗಡಿಗರು ಇದನ್ನು ಗೌಟಿನಿಂದ ಬೇರ್ಪಡಿಸಿ ಹುಸಿಗೌಟು ಎಂಬರ್ಥದ ಹೆಸರಿಟ್ಟರು. ಮುದಿವಯಸ್ಸಿನಲ್ಲಿ ಮೊಣಕಾಲು, ಮಣಿಕಟ್ಟುಗಳಿಗೆ ಬರುವ ಈ ಬೇನೆ ದವಡೆಗೆ ಬರುವುದು ಅಪರೂಪ. ಆದ್ದರಿಂದಲೇ ಕ್ಯಾನ್ಸರಿನ ಗಡ್ಡೆಯೆಂಬ ಭ್ರಮೆ. ಸಂಶಯ ಉಳಿಯಬಾರದೆಂದು ಒಂದು ಚೂರನ್ನೂ ಪರೀಕ್ಷೆಗೆ ಕಳಿಸಿದರು. ಹರಳಿನ ಅನುಮಾನವಿದೆಯೆಂದು ಪ್ರಯೋಗಶಾಲೆಗೆ ಮೊದಲೇ ತಿಳಿಸಿದರು. ಸುಣ್ಣಗಟ್ಟಿದ್ದನ್ನು ಆಮ್ಲದಲ್ಲಿ ಮೆದುಗೊಳಿಸಿದರೆ ಹರಳೇ ಕರಗಿಹೋಗಬಹುದಂತೆ. ಕ್ಯಾನ್ಸರ್ ಇರಲಿಲ್ಲ.

ಅವ್ವ ಅಳುಕುತ್ತ ಕೇಳಿದಳು: “ಎಲಿಗೆ ಹಚ್ಚಿದ ಸುಣ್ಣಾನ ಅಲ್ಲಿ ಹೋಗಿ ಕೂತದೇನು?” ಈ ಸಲ ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ. ವೈದ್ಯರು ನಕ್ಕರು. ತಿಂದ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಎಲೆ-ಅಡಿಕೆ ಬಿಟ್ಟರೆ ಬಾಯಿಗೆ ಒಳಿತು ಎಂದರು.

ಈ ಹರಳನ್ನು ಕರಗಿಸುವ ಔಷಧ ಇಂದಿಗೂ ಇಲ್ಲ. ಉರಿಯೂತವನ್ನು ತಣಿಸುವುದೇ ಚಿಕಿತ್ಸೆ. ನೀರು ತೆಗೆದ ಮೇಲೆ ಕೀಲಿಗೇ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರು. ಮೂತ್ರಪಿಂಡ ಸರಿಯಿದೆಯೆಂದು ನೋಡಿಕೊಂಡು ಕಾಲ್ಚಿಸಿನ್ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರು. ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಪ್ಯಾರಾಥೈರಾಯ್ಡ್ ಹಾರ್ಮೋನುಗಳನ್ನೂ ತಪಾಸಿಸಿದರು. ಅವುಗಳ ಏರುಪೇರಿನಿಂದಲೂ ಇದು ಬರಬಹುದು. ಗಡ್ಡೆ ಬೆಳೆದು ಬಾಯಿ ಕಟ್ಟಿದರೆ ಮಾತ್ರ ಶಸ್ತ್ರಕ್ರಿಯೆ ಎಂದರು.

ತಿಂಗಳು ಕಳೆಯಿತು. ಒಂದು ದಿನ ಅವ್ವ ರೊಟ್ಟಿಯನ್ನು ಸಾರಿನಲ್ಲಿ ನೆನಸಿ, ಮೆಲ್ಲಗೆ ಅಗಿದು ಮುಗಿಸಿದಳು. ಕೈ ತೊಳೆದು ಬಂದವಳೇ ಸೊಸೆಯನ್ನು ಕರೆದು, “ನನ್ನ ಟ್ರಂಕಿನ ಕೀಲಿ ಎಲ್ಲದವಾ?” ಎಂದಳು.

ಈಗ ಅವಳು ಧಾರವಾಡದಿಂದ ಫೋನು ಮಾಡಿದರೆ ನಾನು ಕೈಯ ಕೆಲಸ ಬಿಟ್ಟು ಕೇಳುತ್ತೇನೆ. ಮೊಣಕಾಲಿನ ಸುದ್ದಿ ಬಂದರೆ ಬರೆದಿಡುತ್ತೇನೆ.