ಬಿರುಕು ಮುಚ್ಚುವ ಮುನ್ನ

ನಮ್ಮ ಕರಾವಳಿಯ ಹೊಸ ಮನೆಗಳಲ್ಲಿ ಈಗ ಜಿಪ್ಸಂ ಸೀಲಿಂಗ್ ಸಾಮಾನ್ಯವಾಗಿದೆ. ಮನೆ ಪ್ರವೇಶದ ದಿನ ಬಂದವರೆಲ್ಲ ತಲೆಯೆತ್ತಿ ನೋಡಿ ಹೊಗಳುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಸೀಲಿಂಗಿನಲ್ಲಿ ಸ್ಕೇಲ್ ಇಟ್ಟು ಎಳೆದಂತಹ ನೇರ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಅಂತಹ ಗೆರೆ ಇದ್ದೀತು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಹಾಗೆಂದು ಬಣ್ಣ ಬಳಿದು ಮರೆಯುವಂತೆಯೂ ಇಲ್ಲ.

ಜಿಪ್ಸಂ ಬೋರ್ಡ್ ಎಂದರೆ ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಂ ತುಂಬಿದ ಹಲಗೆ. ಅಮೆರಿಕದ ಅಗಸ್ಟಿನ್ ಸ್ಯಾಕೆಟ್ ಇದರ ಮೊದಲ ರೂಪಕ್ಕೆ 1894ರಲ್ಲಿ ಪೇಟೆಂಟ್ ಪಡೆದಿದ್ದರು. ಹಲಗೆಗಳನ್ನು ಕಬ್ಬಿಣದ ಚಾನೆಲ್‌ಗಳಿಗೆ ಸ್ಕ್ರೂ ಹೊಡೆದು ಕೂರಿಸುತ್ತಾರೆ. ಹೊರಗಿನಿಂದ ಒಂದೇ ತುಂಡಿನಂತೆ ಕಂಡರೂ ಒಳಗೆ ಅವು ಬಿಡಿಬಿಡಿ ಹಲಗೆಗಳೇ. ತೇವಕ್ಕೆ, ಬಿಸಿಲಿಗೆ, ಮೇಲಿನ ಮಾಳಿಗೆಯ ಓಡಾಟಕ್ಕೆ ಅವು ಕೂದಲೆಳೆಯಷ್ಟು ಅಲುಗುತ್ತವೆ. ಆಗ ತೆರೆದುಕೊಳ್ಳುವುದು ಸಂದು.

ನಮ್ಮ ಹಾಲಿನ ಗೆರೆಯನ್ನು ಪೈಂಟರೊಬ್ಬರು ಎರಡು ಸಲ ಪುಟ್ಟಿ ತುಂಬಿ ಮುಚ್ಚಿದ್ದರು. ಎರಡು ಸಲವೂ ಕೆಲವೇ ತಿಂಗಳಲ್ಲಿ ಅದು ಮತ್ತೆ ಬಾಯಿ ತೆರೆಯಿತು. ಮೂರನೆಯ ಸಲ ಆ ಕೆಲಸಕ್ಕೆ ಕೈಹಾಕಿದ್ದು, ಹದಿನಾರು ವರ್ಷ ದುಬೈಯಲ್ಲಿದ್ದು ಮರಳಿದ ನನ್ನ ಅಣ್ಣ. ಅವನು ಅಲ್ಲಿ ಏನು ಮಾಡುತ್ತಿದ್ದನೆಂದು ಕೇಳಿದವರಿಗೆ ಅಮ್ಮ, "ಕಂಪೆನಿಯಲ್ಲಿ" ಎಂದಷ್ಟೇ ಹೇಳುತ್ತಿದ್ದರು. ಅಣ್ಣನೂ ಅದಕ್ಕಿಂತ ಹೆಚ್ಚು ಹೇಳಿದವನಲ್ಲ. ಅವನ ವೀಸಾದಲ್ಲಿದ್ದ ಹುದ್ದೆ ಜಿಪ್ಸಂ ಕಾರ್ಪೆಂಟರ್.

ಏಣಿ ಹತ್ತಿದ ಅಣ್ಣ ಬಿರುಕನ್ನು ಮುಟ್ಟಲೇ ಇಲ್ಲ. ಮೊದಲು ಹಲಗೆಯನ್ನು ಅಂಗೈಯಿಂದ ಮೇಲಕ್ಕೆ ಒತ್ತಿದ. ಅದು ಅಲುಗಿತು. "ಹಲಗೆ ಸಡಿಲವಿದ್ದರೆ ಮೇಲೆ ಏನು ಮೆತ್ತಿದರೂ ನಿಲ್ಲುವುದಿಲ್ಲ" ಎಂದು ಸಂದಿನ ಎರಡೂ ಬದಿಗೆ ಹೊಸ ಸ್ಕ್ರೂ ಹಾಕಿದ. ಸ್ಕ್ರೂವಿನ ತಲೆ ಕಾಗದಕ್ಕಿಂತ ಸ್ವಲ್ಪವೇ ಒಳಗೆ ಕೂರಬೇಕು, ಆದರೆ ಕಾಗದ ಹರಿಯಬಾರದು. ಮೇಲಿನಿಂದ ನೀರು ಸೋರುತ್ತಿಲ್ಲವೆಂದೂ ನೋಡಿಕೊಂಡ. ಸೋರುವಲ್ಲಿ ಮೊದಲು ಅದನ್ನು ನಿಲ್ಲಿಸಬೇಕು. ನೆನೆದು ಜೋತುಬಿದ್ದ ಹಲಗೆಯನ್ನು ತೆಗೆದು ಹೊಸದನ್ನೇ ಹಾಕಬೇಕು, ಅದಕ್ಕೆ ತೇಪೆ ಹಚ್ಚಿ ಫಲವಿಲ್ಲ.

ಆಮೇಲೆ ಹಳೆಯ ಪುಟ್ಟಿಯನ್ನೆಲ್ಲ ಕೆರೆದು ಧೂಳು ಒರೆಸಿ, ಜಾಯಿಂಟ್ ಕಂಪೌಂಡನ್ನು ಸಂದಿಗೆ ತುಂಬಿದ. ಅದು ಹಸಿಯಿರುವಾಗಲೇ ಎರಡು ಇಂಚು ಅಗಲದ ಪೇಪರ್ ಟೇಪನ್ನು ಸಂದಿನ ಮೇಲೆ ನೇರವಾಗಿ ಇಟ್ಟು, ಬ್ಲೇಡಿನಿಂದ ಒತ್ತುತ್ತಾ ಹೋದ. ಟೇಪಿನಡಿ ಗಾಳಿ ಉಳಿದರೆ ಗುಳ್ಳೆ ಏಳುತ್ತದೆ, ಕಂಪೌಂಡ್ ಪೂರ್ತಿ ಹಿಂಡಿಹೋದರೆ ಟೇಪ್ ಅಂಟುವುದಿಲ್ಲ. ಎರಡು ಹಲಗೆಗಳನ್ನು ಹಿಡಿದಿಡುವುದು ಈ ಟೇಪ್. ಬರೀ ಪುಟ್ಟಿಗೆ ಆ ಶಕ್ತಿಯಿಲ್ಲ.

ಎರಡನೆಯ ಲೇಪ ಎಂಟು ಇಂಚು ಅಗಲ, ಮೂರನೆಯದು ಹನ್ನೆರಡು ಇಂಚು. ಪ್ರತಿಯೊಂದೂ ತೆಳುವಾಗಿರಬೇಕು, ಅಂಚುಗಳು ಹಲಗೆಯಲ್ಲಿ ಕರಗಿಹೋಗುವಂತಿರಬೇಕು. ಒಂದು ಲೇಪ ಪೂರ್ತಿ ಒಣಗಿದ ಮೇಲಷ್ಟೇ ಮುಂದಿನದು. ನಮ್ಮ ಮಳೆಗಾಲದಲ್ಲಿ ಒಂದು ದಿನ ಸಾಲದು. ಸಂಜೆಯೇ ಮುಗಿಸಿಬಿಡೋಣವೆಂದು ಅವಸರಿಸಿದ ನನ್ನ ಮಗನಿಗೆ ಅಣ್ಣ, "ಫ್ಯಾನ್ ಹಾಕು, ನಾಳೆ ಬಾ" ಎಂದ.

ಉಜ್ಜುವ ದಿನ ಬಾಗಿಲಿಗೆ ಹಳೆಯ ಸೀರೆ ಕಟ್ಟಿ, ಇಬ್ಬರೂ ಮಾಸ್ಕ್ ಧರಿಸಿದರು. ಆ ಬಿಳಿ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಬ್ಬಸದವರು, ಪುಟ್ಟ ಮಕ್ಕಳು ಹತ್ತಿರವಿರಬಾರದು. 150ರ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಸಾಕು, ಜೋರಾಗಿ ಉಜ್ಜಿದರೆ ಹಲಗೆಯ ಕಾಗದ ಕಿತ್ತುಬರುತ್ತದೆ. ಬಳಿಕ ದೀಪ ಆರಿಸಿ, ಟಾರ್ಚನ್ನು ಸೀಲಿಂಗಿಗೆ ತಾಗಿಸಿದಂತೆ ಓರೆಯಾಗಿ ಹಿಡಿದ. ಹಗಲಲ್ಲಿ ಕಾಣದ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದು ಬಂದವು. ಅವನ್ನು ಸರಿಪಡಿಸಿ, ಪ್ರೈಮರ್ ಹಚ್ಚಿ, ಕೊನೆಗೆ ಬಣ್ಣ. ಪ್ರೈಮರ್ ಇಲ್ಲದಿದ್ದರೆ ಕಂಪೌಂಡ್ ಬಣ್ಣವನ್ನು ಹೆಚ್ಚು ಹೀರಿ ಸಂದಿನ ಜಾಗ ಮಂಕಾಗಿ ಉಳಿಯುತ್ತದೆ.

ಮಗ ಕೇಳಿದ, "ಮಾಮಾ, ದುಬೈಯಲ್ಲಿ ದಿನಾ ಇದೇ ಕೆಲಸವಾ?" ಅಣ್ಣ ನಕ್ಕ. ಎ.ಸಿ. ಇನ್ನೂ ಕೂರಿಸದ ಕಟ್ಟಡದೊಳಗೆ ಬೆಳಗ್ಗಿನಿಂದ ಸಂಜೆಯವರೆಗೆ ತಲೆಯೆತ್ತಿಯೇ ದುಡಿಯುತ್ತಿದ್ದುದನ್ನು, ರಾತ್ರಿ ಕತ್ತು ತಿರುಗಿಸಲಾಗದೆ ಮಲಗುತ್ತಿದ್ದುದನ್ನು ಆಗ ಹೇಳಿದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನ್ನ ಮದುವೆ, ತಂಗಿಯ ಕಾಲೇಜು, ಅಪ್ಪನ ಆಪರೇಷನ್ ಎಲ್ಲವೂ ಆ ಕತ್ತಿನ ನೋವಿನಿಂದಲೇ ನಡೆದಿದ್ದವು. ಒಳ್ಳೆಯ ಸಂದು ಯಾರ ಕಣ್ಣಿಗೂ ಬೀಳದು. ಅದನ್ನು ಮಾಡಿದವನೂ ಹಾಗೆಯೇ ಕಾಣದೆ ಉಳಿಯುತ್ತಾನೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಗಲ್ಫಿನಿಂದ ಮರಳಿ ಸುಮ್ಮನೆ ಕುಳಿತ ಅಣ್ಣನೋ ಭಾವನೋ ಇರಬಹುದು. ಎಷ್ಟು ಸಂಪಾದಿಸಿದಿರಿ ಎಂದು ಅವರನ್ನು ಕೇಳಿದವರು ಬಹಳ. ಏನು ಕೆಲಸ ಬಲ್ಲಿರಿ ಎಂದು ಒಮ್ಮೆ ಕೇಳಿ ನೋಡಿ. ಮಕ್ಕಳನ್ನು ಅವರ ಜೊತೆ ಏಣಿ ಹಿಡಿಯಲು ಕಳುಹಿಸಿ. ಇಂತಹ ಕೆಲಸ ಬಲ್ಲವರಿಗೆ ನಮ್ಮ ಊರುಗಳಲ್ಲೇ ಈಗ ಬೇಡಿಕೆಯಿದೆ. ಹೇಳಿಕೊಳ್ಳಲು ಸಂಕೋಚಪಡುವಂತಹ ಕೆಲಸ ಅದಲ್ಲವೆಂದು ಅವರಿಗೆ ಮೊದಲು ಅನಿಸಬೇಕಾದದ್ದು ಮನೆಯವರಿಂದಲೇ.